‘ಬರೀ ಎಂ.ಬಿ.ಬಿ.ಎಸ್.’ ಎಂಬ ಬೈಗುಳ

ಕಳೆದ ತಿಂಗಳು ನಮ್ಮ ಕಚೇರಿಗೆ ಹಮಾಲಿ ಕೆಲಸದ ಹಿರಿಯರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ನಾನು ಶಾಲೆಯಲ್ಲಿದ್ದ ಕಾಲದಲ್ಲಿ ನನ್ನ ಬಳಿ ಮಗ್ಗಿ ಕಲಿತ ಹುಡುಗಿ. ತನ್ನ ಅಂಕಗಳ ಬಲದಿಂದಲೇ ಸರಕಾರಿ ಕಾಲೇಜಿನಲ್ಲಿ ಸೀಟು ಪಡೆದು, ಎಂ.ಬಿ.ಬಿ.ಎಸ್. ಮುಗಿಸಿ, ಒಂದು ವರ್ಷದ ಆಸ್ಪತ್ರೆ ತರಬೇತಿಯನ್ನೂ ಪೂರೈಸಿದ್ದಾಳೆ. ತನ್ನ ಓಣಿಯಲ್ಲೇ ಒಂದು ಮಳಿಗೆ ಹಿಡಿದು ಅಲ್ಲಿಯ ಮನೆಮನೆಗೆ ವೈದ್ಯಳಾಗಿ ಕೂರಬೇಕೆಂಬುದು ಅವಳ ಆಸೆ. ತಂದೆಯ ಅಳಲೇ ಬೇರೆ. “ಮೇಷ್ಟ್ರೆ, ನೀವಾದರೂ ಇವಳಿಗೆ ಬುದ್ಧಿ ಹೇಳಿ. ಹೋದಲ್ಲೆಲ್ಲ ‘ಬರೀ ಎಂ.ಬಿ.ಬಿ.ಎಸ್.ಸಾ? ಮುಂದೆ ಓದಲಿಲ್ವಾ?’ ಅಂತಾರೆ. ತಲೆ ಎತ್ತಿ ತಿರುಗೋ ಹಾಗಿಲ್ಲ” ಎಂದರು.

ಐದೂವರೆ ವರ್ಷ ಹಗಲಿರುಳು ಓದಿದ ಮಗಳನ್ನು ಕುರಿತು ಒಬ್ಬ ಹಮಾಲಿ ತಲೆ ತಗ್ಗಿಸಬೇಕಾಗಿ ಬಂದಿದೆ! ನನ್ನ ಸಿಟ್ಟು ಆ ಹಿರಿಯರ ಮೇಲಲ್ಲ, ಓಣಿಯವರ ಮೇಲೂ ಅಷ್ಟಾಗಿ ಅಲ್ಲ. ಈ ‘ಬರೀ’ ಎಂಬ ಬೈಗುಳ ಓಣಿಯಲ್ಲಿ ಹುಟ್ಟಿದ್ದಲ್ಲ. ಅದನ್ನು ತಯಾರಿಸಿದವರು ಬೇರೆ ಇದ್ದಾರೆ.

ಮೊದಲು ‘ಬರೀ’ ವೈದ್ಯನ ಯೋಗ್ಯತೆ ಎಷ್ಟೆಂದು ನೋಡೋಣ. ನಾನು ಹುಡುಗನಾಗಿದ್ದಾಗ ನಮ್ಮ ಪೇಟೆಯ ಗಲ್ಲಿಯಲ್ಲಿ ಅಂಥ ಒಬ್ಬರಿದ್ದರು. ಒಂದು ಬೆಂಚು, ಒಂದು ಪರದೆ, ಕಾಂಪೌಂಡರ್ ಒಬ್ಬ. ಕಾರ್ಡಿಂಗ್ ಖಾತೆಯ ಕಾರ್ಮಿಕನೊಬ್ಬ ಎದೆ ಬಿಗಿತ, ಕೆಮ್ಮು ಎಂದು ಬಂದರೆ ಅವರು ಮೊದಲು ಕೇಳುತ್ತಿದ್ದ ಪ್ರಶ್ನೆ, “ಸೋಮವಾರ ಹೆಚ್ಚೋ, ಶನಿವಾರ ಹೆಚ್ಚೋ?” ಗಿರಣಿಯಲ್ಲಿ ದುಡಿದ ವಾಚಕರಿಗೆ ಇದರ ಅರ್ಥ ಕೂಡಲೇ ಹೊಳೆದೀತು. ಬಿಸಿನೋಸಿಸ್ ಎಂಬ ಹತ್ತಿ ಧೂಳಿನ ಕಾಯಿಲೆಯಲ್ಲಿ ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನವೇ ಎದೆ ಬಿಗಿಯುತ್ತದೆ. ವಾರ ಕಳೆದಂತೆ ಸಡಿಲಾಗುತ್ತದೆ. ವರ್ಷಗಳು ಕಳೆದ ಮೇಲೆ ದಿನವೂ ಬಿಡದೆ ಕಾಡುತ್ತದೆ. ಎಕ್ಸ್-ರೇ ಚಿತ್ರದಲ್ಲಿ ಇದರದೇ ಎನ್ನಬಹುದಾದ ಗುರುತು ಕಾಣುವುದಿಲ್ಲ. ರೋಗಿಯ ಕೆಲಸ ಯಾವುದು, ಯಾವ ಖಾತೆ, ಎಷ್ಟು ವರ್ಷ ಎಂದು ಬಲ್ಲವನಿಗೆ ಮಾತ್ರ ಇದು ಸಿಕ್ಕುತ್ತದೆ. ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಗುರುವಾರ ಐದು ನಿಮಿಷ ನೋಡಿದ ತಜ್ಞ ಮಹಾಶಯರು ‘ಬೀಡಿ ಬಿಡು’ ಎಂದು ಬರೆದು ಕಳಿಸಿದರೆ ಅವರನ್ನು ದೂರಿ ಫಲವಿಲ್ಲ. ಅವರು ಕಂಡದ್ದು ಒಂದು ಎದೆಯನ್ನು. ಆ ಎದೆಯ ಹಿಂದಿನ ಗಿರಣಿ ಅವರಿಗೆ ಕಾಣಲಿಲ್ಲ.

ಇದರಲ್ಲಿ ಬರೀ ಔಷಧದ ಮಾತಿಲ್ಲ, ದುಡ್ಡಿನ ಮಾತೂ ಇದೆ. ಇ.ಎಸ್.ಐ.ಗೆ ಸಂಬಂಧಿಸಿದ ಕಾನೂನಿನ ಅನುಸೂಚಿಯಲ್ಲಿ ಹತ್ತಿ ಧೂಳಿನ ಕಾಯಿಲೆಯನ್ನು ಕಸುಬಿನಿಂದ ಬಂದ ರೋಗವೆಂದು ಸೇರಿಸಿದ್ದಾರೆ. ವೈದ್ಯ ಅದನ್ನು ಗುರುತಿಸಿ ಕಾಗದದ ಮೇಲೆ ಬರೆದರೆ ಪರಿಹಾರದ ಹಾದಿ ತೆರೆಯುತ್ತದೆ. ‘ಬೀಡಿ ಕೆಮ್ಮು’ ಎಂದು ಬರೆದರೆ ಧಣಿ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಾನೆ.

ಇಂಥ ವೈದ್ಯರು ಏಕೆ ಕಾಣೆಯಾದರು? 1943ರಲ್ಲಿ ನೇಮಕಗೊಂಡು 1946ರಲ್ಲಿ ವರದಿ ಒಪ್ಪಿಸಿದ ಭೋರ್ ಸಮಿತಿಯ ಕಾಲಕ್ಕೆ ದೇಶದ ನೋಂದಾಯಿತ ವೈದ್ಯರು ಸುಮಾರು 47 ಸಾವಿರ. ಅವರಲ್ಲಿ ಮೂರರಲ್ಲಿ ಎರಡು ಪಾಲಿಗೆ ಹತ್ತಿರ ಹತ್ತಿರ ಎಲ್.ಎಂ.ಪಿ. ತರಗತಿಯವರು. ಈ ಎರಡು ಅಂತಸ್ತು ಬೇಡ, ಎಲ್ಲರಿಗೂ ಒಂದೇ ಮಟ್ಟದ ‘ಮೂಲ ವೈದ್ಯ’ ಸಾಕು, ಅವನು ಜನರ ನಡುವೆ ಇರಲಿ ಎಂದು ಸಮಿತಿಯ ಬಹುಮತ ಹೇಳಿತು. ಉದ್ದೇಶ ಕೆಟ್ಟದ್ದೆಂದು ನಾನು ಹೇಳಲಾರೆ. ಬಡವನಿಗೆ ಅರ್ಧ ವೈದ್ಯ, ಶ್ರೀಮಂತನಿಗೆ ಪೂರ್ತಿ ವೈದ್ಯ ಏಕಿರಬೇಕು? ಆದರೆ ಆಮೇಲೆ ನಡೆದದ್ದೇನು? ಎಲ್.ಎಂ.ಪಿ. ಶಾಲೆಗಳು ಮುಚ್ಚಿದವು. ‘ಮೂಲ ವೈದ್ಯ’ನನ್ನು ತಯಾರಿಸುವ ಕೆಲಸ ತಜ್ಞರ ಕೈಗೇ ಬಿತ್ತು. ಹುಡುಗ ಹೃದಯದ ಪ್ರೊಫೆಸರರ ಬಳಿ ಹೋಗುತ್ತಾನೆ, ಮೂಳೆಯ ಪ್ರೊಫೆಸರರ ಬಳಿ ಹೋಗುತ್ತಾನೆ, ಕಣ್ಣು ಕಿವಿ ಎಲ್ಲಕ್ಕೂ ಒಬ್ಬೊಬ್ಬ ಗುರು. ಒಂದು ಮನೆಯ ಮುದುಕಿಯನ್ನೂ ಬಸುರಿಯನ್ನೂ ಮಗುವನ್ನೂ ಕುಡುಕ ಗಂಡನನ್ನೂ ಇಪ್ಪತ್ತು ವರ್ಷ ಒಟ್ಟಾಗಿ ನೋಡಿಕೊಂಡ ಒಬ್ಬ ಗುರುವೂ ಸಾಮಾನ್ಯವಾಗಿ ಅವನ ಕಣ್ಣಿಗೆ ಬೀಳುವುದಿಲ್ಲ. ನೇಯ್ಗೆ ಬಾರದವರನ್ನೇ ಮೇಸ್ತ್ರಿಗಳನ್ನಾಗಿ ಮಾಡಿ ನೇಕಾರರನ್ನು ತಯಾರಿಸ ಹೊರಟಂತಾಯಿತು.

ಕುಟುಂಬ ವೈದ್ಯಕೀಯವೂ ಮೂರು ವರ್ಷ ಓದಿ ಪಡೆಯುವ ಸ್ನಾತಕೋತ್ತರ ವಿದ್ಯೆಯೆಂಬುದು ಬಹು ಮಂದಿಗೆ ಗೊತ್ತೇ ಇಲ್ಲ. 2002ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ಸರಕಾರ ತನ್ನ ಬಾಯಿಂದಲೇ ಹೇಳಿತು: ಸ್ನಾತಕೋತ್ತರ ಸೀಟುಗಳಲ್ಲಿ ಕಾಲು ಪಾಲನ್ನು ಸಾರ್ವಜನಿಕ ಆರೋಗ್ಯಕ್ಕೂ ಕುಟುಂಬ ವೈದ್ಯಕೀಯಕ್ಕೂ ಮೀಸಲಿಡುವ ಹಂತ ಮುಟ್ಟಬೇಕು, ಎಂದು. ಆ ಕಾಲು ಪಾಲಿನ ಹತ್ತಿರಕ್ಕಾದರೂ ಯಾವ ಸರಕಾರ ಬಂದಿದೆ? 2017ರ ನೀತಿಯಲ್ಲಿ ಮತ್ತೆ ಅದೇ ರಾಗ. ಕಾಗದ ಅಗ್ಗ, ಸ್ವಾಮಿ.

ಸೀಟು ದುಬಾರಿ. ವಂತಿಗೆಯನ್ನು ನಿಷೇಧಿಸುವ ಕಾಯಿದೆ ಕರ್ನಾಟಕದಲ್ಲಿ ಬಂದದ್ದು 1984ರಲ್ಲಿ. 1992ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಹೊರಬಿದ್ದ ಲೆಕ್ಕ ನೋಡಿ: ಈ ರಾಜ್ಯದ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರ ರಾಜ್ಯದ ವಿದ್ಯಾರ್ಥಿಗೆ 60,000. ಇಂದಿನ ಖಾಸಗಿ ಶುಲ್ಕದ ಮುಂದೆ ಆ 60,000 ಎಳ್ಳುಕಾಳು. ಜಮೀನು ಮಾರಿ ಮಗನನ್ನು ಓದಿಸಿದ ತಂದೆ ಅವನನ್ನು ನಮ್ಮ ಓಣಿಯಲ್ಲಿ ಕೂರಿಸುತ್ತಾನೆಯೇ? ಹಾಕಿದ ಬಂಡವಾಳ ಬಡ್ಡಿ ಸಮೇತ ಮರಳಬೇಕು. ಅದು ಮರಳುವುದು ಯಂತ್ರದಿಂದ, ಶಸ್ತ್ರಚಿಕಿತ್ಸೆಯಿಂದ, ಲ್ಯಾಬೊರೇಟರಿಯ ಕಮಿಷನ್ನಿನಿಂದ, ‘ಸೋಮವಾರ ಹೆಚ್ಚೋ?’ ಎಂದು ಕೇಳುವುದರಿಂದ ಅಲ್ಲ.

ಇಷ್ಟಾದ ಮೇಲೆ ಮಂತ್ರಿಮಹೋದಯರು ಘಟಿಕೋತ್ಸವದ ವೇದಿಕೆಯೇರಿ, ತರುಣ ವೈದ್ಯರಲ್ಲಿ ಸೇವಾಭಾವ ಕುಂದಿದೆಯೆಂದು ಕಣ್ಣೀರು ಸುರಿಸುತ್ತಾರೆ. 2012ರಲ್ಲಿ ನಮ್ಮ ರಾಜ್ಯ ಒಂದು ವರ್ಷದ ಕಡ್ಡಾಯ ಸೇವೆಯ ಕಾಯಿದೆಯನ್ನೇ ಮಾಡಿತು. ಹಳ್ಳಿಯನ್ನು ಶಿಕ್ಷೆಯಾಗಿ ವಿಧಿಸಿದರೆ ಹಳ್ಳಿಯ ಮೇಲೆ ಪ್ರೀತಿ ಹುಟ್ಟೀತೆ? ಒಂದು ವರ್ಷದಲ್ಲಿ ಯಾವ ಮನೆಯ ಗುಟ್ಟು ತಿಳಿದೀತು? ಈ ಕಸುಬಿನ ಸುಖವೇ ನಿಂತು ಮಾಡುವುದರಲ್ಲಿದೆ. ತಾನು ಹೆರಿಗೆ ಮಾಡಿಸಿದ ಮಗು ಶಾಲೆಗೆ ಹೋಗುವುದನ್ನು ನೋಡುವುದರಲ್ಲಿ, ತಾನು ಕೊಟ್ಟ ಔಷಧ ಐದು ವರ್ಷದ ಮೇಲೆ ಏನು ಮಾಡಿತೆಂದು ಕಣ್ಣಾರೆ ಕಾಣುವುದರಲ್ಲಿದೆ.

ಇದು ಆದರ್ಶದ ಹರಟೆಯೆಂದು ನಗುವವರು ಬ್ರಿಟನ್ನಿನ ವೇಲ್ಸ್ ಪ್ರಾಂತದ ಕಲ್ಲಿದ್ದಲು ಕಣಿವೆಗಳತ್ತ ನೋಡಲಿ. ಅಲ್ಲಿಯ ಟ್ರೆಡೆಗರ್ ಊರಿನ ಗಣಿ ಕಾರ್ಮಿಕರು ವಾರದ ಕೂಲಿಯಲ್ಲಿ ಕೆಲವು ಪೆನ್ನಿ ಕೂಡಿಹಾಕಿ ತಮ್ಮ ವೈದ್ಯರನ್ನು ತಾವೇ ನೇಮಿಸಿಕೊಂಡಿದ್ದರು. ಅದೇ ಊರಿನ ಗಣಿ ಹುಡುಗ ಅನ್ಯೂರಿನ್ ಬೆವನ್ ಮಂತ್ರಿಯಾಗಿ, 1948ರ ಜುಲೈ 5ರಂದು ಇಡೀ ದೇಶಕ್ಕೆ ಉಚಿತ ಆರೋಗ್ಯ ಸೇವೆಯನ್ನು ತಂದ. ಒಂದೊಂದು ಕುಟುಂಬದ ಹೆಸರು ಒಬ್ಬೊಬ್ಬ ವೈದ್ಯನ ಪಟ್ಟಿಯಲ್ಲಿ; ಅವನಿಗೆ ಸಂದಾಯ ಬಹುಮಟ್ಟಿಗೆ ಪಟ್ಟಿಯ ತಲೆಗಳ ಲೆಕ್ಕದಲ್ಲಿ, ಚುಚ್ಚಿದ ಸೂಜಿಯ ಲೆಕ್ಕದಲ್ಲಲ್ಲ.

ಆ ವ್ಯವಸ್ಥೆಯೊಳಗೆ 1961ರಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ವೈದ್ಯ ಗ್ಲಿನ್‌ಕೊರುಗ್ ಎಂಬ ಗಣಿ ಹಳ್ಳಿಗೆ ಬಂದ. ಕೇಂಬ್ರಿಜ್‌ನಲ್ಲಿ ಓದಿದವನು, ಹೆಸರಾಂತ ಸಂಶೋಧಕರ ಜೊತೆ ಕೆಲಸ ಮಾಡಿದವನು. ಲಂಡನ್ನಿನಲ್ಲಿ ದೊಡ್ಡ ಹುದ್ದೆ ಹಿಡಿಯಬಹುದಿತ್ತು. ಸುಮಾರು ಎರಡು ಸಾವಿರ ಜನರ ಆ ಹಳ್ಳಿಯಲ್ಲಿ ಕಾಲು ಶತಮಾನಕ್ಕೂ ಮಿಕ್ಕಿ ನಿಂತ. ಗಣಿ ಮುಚ್ಚಿದಾಗಲೂ ಹೋಗಲಿಲ್ಲ. ರಕ್ತದೊತ್ತಡ ನೋವು ಕೊಡದೆ ಕೊಲ್ಲುವ ರೋಗವೆಂದು ತಿಳಿದು, ಕೆಮ್ಮಿಗೆ ಬಂದವನಿಗೂ ಕಾಲುಳುಕಿಗೆ ಬಂದವನಿಗೂ ತೋಳಿಗೆ ಪಟ್ಟಿ ಸುತ್ತಿ ಅಳೆದ. ಬಾರದವರನ್ನು ಹುಡುಕಿ ಅಳೆದ. ಊರಿನ ಹರೆಯದ, ನಡುವಯಸ್ಸಿನ ಜನರೆಲ್ಲರ ಲೆಕ್ಕ ಬರೆದಿಟ್ಟ. 25 ವರ್ಷದ ಆ ಲೆಕ್ಕ 1991ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಯಿತು: ಅಕಾಲ ಮರಣ ಪಕ್ಕದ ಅಂಥದೇ ಹಳ್ಳಿಗಿಂತ ಸ್ಪಷ್ಟವಾಗಿ ಕಡಿಮೆ. ಸ್ಕ್ಯಾನಿಂಗ್ ಯಂತ್ರವಿಲ್ಲ, ಹವಾನಿಯಂತ್ರಿತ ಕೋಣೆಯಿಲ್ಲ. ‘ಬರೀ’ ಒಬ್ಬ ಓಣಿ ವೈದ್ಯ!

ಇದೇ ಮನುಷ್ಯ 1971ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ ಮಾತು ಜಗತ್ತಿಗೇ ಪಾಠವಾಯಿತು. ವೈದ್ಯರ ಅಗತ್ಯ ಎಲ್ಲಿ ಹೆಚ್ಚೋ ಅಲ್ಲಿ ಒಳ್ಳೆಯ ವೈದ್ಯ ದೊರೆಯುವುದು ಕಡಿಮೆ. ವೈದ್ಯಕೀಯವನ್ನು ಮಾರುಕಟ್ಟೆಗೆ ಬಿಟ್ಟಷ್ಟೂ ಈ ಅನ್ಯಾಯ ಬೆಳೆಯುತ್ತದೆ ಎಂಬುದು ಅದರ ತಿರುಳು. 2018ರಲ್ಲಿ ಆತ ತೀರಿಕೊಂಡ. ಆತನ ಬಾಳು ವ್ಯರ್ಥವಾಯಿತೆಂದು ಹೇಳುವ ಧೈರ್ಯ ಯಾವ ಹೃದಯತಜ್ಞನಿಗಿದೆ?

ವೇಲ್ಸ್ ಶ್ರೀಮಂತರ ದೇಶದ್ದು, ನಮಗೆಲ್ಲಿಯದು ಎನ್ನಬೇಡಿ. ಪಟ್ಟಿ ನಮ್ಮಲ್ಲೂ ಇದೆ. 1952ರ ಫೆಬ್ರವರಿಯಲ್ಲಿ ಕಾನ್ಪುರ, ದಿಲ್ಲಿಗಳಲ್ಲಿ ಇ.ಎಸ್.ಐ. ಆರಂಭವಾದಂದಿನಿಂದ ಕಾರ್ಮಿಕ ತನ್ನ ಕೂಲಿಯಲ್ಲಿ ಮುರಿದು ಕೊಡುತ್ತ ಬಂದಿದ್ದಾನೆ. ವಿಮೆ ಮಾಡಿದ ಕುಟುಂಬದ ಹೆಸರು ಒಂದು ದವಾಖಾನೆಗೆ ಸೇರಿರುತ್ತದೆ. ಕುಟುಂಬ ವೈದ್ಯನಿಗೆ ಬೇಕಾದ ಅಡಿಪಾಯ ಇದೇ. ಬೇಕಾದದ್ದು, ಆ ಹುದ್ದೆಗೆ ತಜ್ಞರಿಗೆ ಸಮನಾದ ಸಂಬಳ, ಕುಟುಂಬ ವೈದ್ಯಕೀಯದ ತರಬೇತಿ, ಹತ್ತು ವರ್ಷ ಅಲ್ಲೇ ನಿಲ್ಲುವ ಅವಕಾಶ. ಹಣವೆಲ್ಲಿದೆ ಎಂದು ಕೇಳುವವರು 2019ರ ಜುಲೈ ನೆನಪಿಸಿಕೊಳ್ಳಲಿ. ಆಗ ಧಣಿಗಳ ಪಾಲನ್ನು ಶೇಕಡಾ 4.75ರಿಂದ 3.25ಕ್ಕೂ ಕಾರ್ಮಿಕನ ಪಾಲನ್ನು 1.75ರಿಂದ 0.75ಕ್ಕೂ ಇಳಿಸಿದರು. ಹಣ ಹೆಚ್ಚಾಗಿತ್ತೆಂದು ತಾನೇ ಇಳಿಸಿದ್ದು?

ನಮ್ಮವರ ತಪ್ಪನ್ನೂ ಹೇಳದೆ ಬಿಡಲಾರೆ. ಸೂಜಿ ಚುಚ್ಚದ ಡಾಕ್ಟರು ಡಾಕ್ಟರೇ ಅಲ್ಲವೆಂಬ ಹಟ ನಮ್ಮದು. ನೆಗಡಿಗೆ ಬಾಟಲಿ ಹಾಕಿಸಿಕೊಂಡು ಬಂದು ಅದನ್ನೇ ಹಬ್ಬದಂತೆ ಹೇಳಿಕೊಳ್ಳುತ್ತೇವೆ. ವರ್ತಕ ಬಂಧುಗಳಲ್ಲಿ ಕೆಲವರಿಗೆ ಬೆಂಗಳೂರಿನ ಆಸ್ಪತ್ರೆಯ ಬಿಲ್ಲು ಮದುವೆಯ ಖರ್ಚಿನಷ್ಟೇ ಪ್ರತಿಷ್ಠೆ. ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣನ್ನು ಓಣಿಯ ವೈದ್ಯನಿಗೆ ತೋರಿಸಲು ನಾಚಿ, ಕಾಲು ಕತ್ತರಿಸುವ ಹೊತ್ತಿಗೆ ಬೆಂಗಳೂರು ಸೇರುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವೇ ನೀರೆರೆದು ಬೆಳೆಸಿದ್ದೇವೆ.

ಆ ಹುಡುಗಿಗೆ ನಾನು ಬುದ್ಧಿ ಹೇಳಲಿಲ್ಲ. ಮೆಟ್ರಿಕ್‌ವರೆಗೆ ಓದಿದ ನಾನು ಅವಳಿಗೆ ಹೇಳುವುದೇನು? ಮೊದಲು ಎರಡು ವರ್ಷ ಓಣಿಯಲ್ಲಿ ಕೂರುತ್ತೇನೆ, ಆಮೇಲೆ ಕುಟುಂಬ ವೈದ್ಯಕೀಯದ ಪರೀಕ್ಷೆ ಕಟ್ಟುತ್ತೇನೆ ಎಂದಳು. ತಂದೆ ಅರೆಮನಸ್ಸಿನಿಂದ ತಲೆಯಾಡಿಸಿದ್ದಾರೆ.

ಬರುವ ಭಾನುವಾರ ಸಂಘದ ಸಭೆಗೆ ಬರುವವರು, ತಮ್ಮ ಕುಟುಂಬದ ಹೆಸರಿರುವ ದವಾಖಾನೆಯಲ್ಲಿ ಕಳೆದ ಐದು ವರ್ಷಗಳಲ್ಲಿ ಎಷ್ಟು ಮಂದಿ ವೈದ್ಯರು ಬಂದರು, ಎಷ್ಟು ಮಂದಿ ವರ್ಗವಾಗಿ ಹೋದರು ಎಂಬುದನ್ನು ವಿಚಾರಿಸಿ ಬರೆದುಕೊಂಡು ಬರಬೇಕು. ಇ.ಎಸ್.ಐ. ಅಧಿಕಾರಿಗಳಿಗೆ ಕೊಡುವ ಮನವಿಗೆ ಆ ಲೆಕ್ಕ ಬೇಕು. ಹಳೆಯ ಪೇಟೆಯ ವರ್ತಕರಲ್ಲಿ ಯಾರದಾದರೂ ಮಳಿಗೆ ಖಾಲಿಯಿದ್ದು, ದೊಡ್ಡ ಮುಂಗಡ ಕೇಳದೆ ಬಾಡಿಗೆಗೆ ಕೊಡುವ ಮನಸ್ಸಿದ್ದರೆ ಸಂಜೆ ಆರರ ಮೇಲೆ ಕಚೇರಿಗೆ ಬಂದು ತಿಳಿಸಿರಿ. ನೀರಿನ ನಲ್ಲಿ ಇರಬೇಕು; ಮುದುಕರು ಹತ್ತಲಾರದ ಮೆಟ್ಟಿಲು ಇರಬಾರದು.