ಹೆಗಲಿಗೆ ತಕ್ಕ ಪಟ್ಟಿ

ಕೊಡಗಿನ ಎನ್.ಸಿ.ಸಿ. ವಿದ್ಯಾರ್ಥಿಯೊಬ್ಬ ಈ ಅಂಕಣಕ್ಕೆ ಪತ್ರ ಬರೆದಿದ್ದಾನೆ. ‘ಸಾರ್, ಬಂದೂಕಿನ ಸ್ಲಿಂಗ್ ಎಂದರೆ ಹೆಗಲಿಗೆ ಹಾಕಿಕೊಳ್ಳುವ ಒಂದು ಪಟ್ಟಿ ಅಷ್ಟೇ ತಾನೆ? ಬೇಟೆ ಬಂದೂಕಿಗೆ ಅದನ್ನು ಆರಿಸಿ, ಅಳತೆ ನೋಡಿ ಹಾಕಬೇಕು ಅನ್ನುತ್ತಾರೆ. ಅದರಲ್ಲಿ ಆರಿಸುವುದಕ್ಕೆ ಏನಿದೆ?’

ಪ್ರಶ್ನೆ ಚೆನ್ನಾಗಿದೆ. ಪ್ರೌಢಶಾಲೆಯ ಭೌತಶಾಸ್ತ್ರದ ಅರ್ಧ ಪಾಠ ಆ ಪಟ್ಟಿಯಲ್ಲಿಯೇ ಇದೆ.

ಮೊದಲು ಪಾಲಕರಿಗೆ ಎರಡು ಮಾತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಶಿಕಾರಿಯ ಕಾಲ ಮುಗಿಯಿತು. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಬಂದೂಕು ಇಟ್ಟುಕೊಳ್ಳಲು ಪರವಾನಗಿ ಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಲಾಗಿದೆ. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಕೊಟ್ಟ ವಿನಾಯಿತಿಯೇ ಹೊರತು ಬೇಟೆಗೆ ಕೊಟ್ಟ ಅನುಮತಿಯಲ್ಲ. ನಾರ್ವೆ, ಅಮೆರಿಕದಂಥ ದೇಶಗಳಲ್ಲಿ ಮಾತ್ರ ಸರ್ಕಾರದ ನಿಯಮದಂತೆ, ಋತು ನೋಡಿ ಬೇಟೆ ನಡೆಯುತ್ತದೆ. ನಾರ್ವೆಯಲ್ಲಿ ದೊಡ್ಡ ಪ್ರಾಣಿಯ ಬೇಟೆಗೆ ಹೊರಡುವವರು ಪ್ರತಿ ವರ್ಷವೂ ಗುರಿಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಆದ್ದರಿಂದ ನಮ್ಮ ಉದಾಹರಣೆಯ ಬೇಟೆಗಾರ ಅಲ್ಲಿನ ಕಾಡಿನಲ್ಲಿಯೇ ಇರಲಿ.

ಅವನ ಹೆಗಲ ಮೇಲಿರುವುದು ಬೋಲ್ಟ್ ಆ್ಯಕ್ಷನ್ ರೈಫಲ್. ಬಾಗಿಲಿನ ಚಿಲಕವನ್ನು ನೆನೆಸಿಕೊಳ್ಳಿ. ಹಿಡಿಯನ್ನು ಮೇಲೆತ್ತಿ ಹಿಂದಕ್ಕೆಳೆದರೆ ಸುಟ್ಟ ತೋಟಾ ಹೊರಬೀಳುತ್ತದೆ. ಮುಂದಕ್ಕೆ ತಳ್ಳಿ ಕೆಳಕ್ಕೆ ತಿರುಗಿಸಿದರೆ ಹೊಸ ತೋಟಾ ಒಳಗೆ ಸೇರಿ ಬೀಗ ಬೀಳುತ್ತದೆ. ಜರ್ಮನಿಯ ಮೌಸರ್ ಕಂಪನಿಯ 1898ರ ವಿನ್ಯಾಸವನ್ನೇ ಇಂದಿಗೂ ಎಷ್ಟೋ ಬೇಟೆ ಬಂದೂಕುಗಳು ಅನುಸರಿಸುತ್ತಿವೆ. ದುರ್ಬೀನು ಸೇರಿ ತೂಕ 4 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಬೇಟೆಗಾರ ಗುಂಡು ಹಾರಿಸುವುದು ಒಂದೋ ಎರಡೋ ಸಲ. ಬಂದೂಕು ಹೊತ್ತು ನಡೆಯುವುದು ದಿನವಿಡೀ. ಅಲ್ಲಿಗೆ, ಬಂದೂಕಿಗಿಂತ ಪಟ್ಟಿಗೇ ಕೆಲಸ ಹೆಚ್ಚು.

ಈಗ ಅಗಲವನ್ನು ನೋಡೋಣ. ನೀರಿನ ಕೊಡ ಹೊರುವ ನಮ್ಮ ಹೆಣ್ಣುಮಕ್ಕಳು ತಲೆಯ ಮೇಲೆ ಸಿಂಬಿ ಇಟ್ಟುಕೊಳ್ಳುವುದೇಕೆ? ಸಿಂಬಿಯಿಂದ ಕೊಡದ ತೂಕ ಕಡಿಮೆಯಾಗುವುದಿಲ್ಲ, ತೂಕ ಕೂರುವ ಜಾಗ ಹೆಚ್ಚುತ್ತದೆ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ನೀವು ಬಾಯಿಪಾಠ ಮಾಡಿದ್ದೀರಿ. ಲೆಕ್ಕ ಮಾಡಿ ನೋಡಿ. ಪಟ್ಟಿ ಹೆಗಲಿನ ಮೇಲೆ 10 ಸೆಂಟಿಮೀಟರ್ ಉದ್ದಕ್ಕೆ ಕೂರುತ್ತದೆ ಎನ್ನೋಣ. ಒಂದು ಸೆಂಟಿಮೀಟರ್ ಅಗಲದ ಹಗ್ಗವಾದರೆ ಪ್ರತಿ ಚದರ ಸೆಂಟಿಮೀಟರಿಗೆ 400 ಗ್ರಾಂ ಭಾರ ಬೀಳುತ್ತದೆ. ಅಮೆರಿಕದ ಸೇನೆ 1907ರಲ್ಲಿ ಜಾರಿಗೆ ತಂದ ತೊಗಲಿನ ಸ್ಲಿಂಗಿನ ಅಗಲ ಒಂದೂಕಾಲು ಅಂಗುಲ, ಅಂದರೆ ಸುಮಾರು 32 ಮಿಲಿಮೀಟರ್. ಆಗ ಭಾರ 125 ಗ್ರಾಮಿಗೆ ಇಳಿಯುತ್ತದೆ. ಹೆಗಲಿನ ಭಾಗದಲ್ಲಿ 6 ಸೆಂಟಿಮೀಟರ್ ಅಗಲ ಮಾಡಿದರೆ 67 ಗ್ರಾಂ. ಹೊರೆ ಅದೇ, ಹೆಗಲೂ ಅದೇ. ನೋವು ಮಾತ್ರ ಬೇರೆ. ಹಾಗೆಂದು ಅಗಲವಾದಷ್ಟೂ ಒಳ್ಳೆಯದೆನ್ನುವಂತಿಲ್ಲ. ತೀರಾ ಅಗಲವಾದ ಪಟ್ಟಿ ಕುತ್ತಿಗೆಯ ಬುಡಕ್ಕೆ ಉಜ್ಜುತ್ತದೆ, ಕೆಳಗೆ ಬೆವರು ಕಟ್ಟುತ್ತದೆ.

ಇನ್ನು ಪಟ್ಟಿಯನ್ನು ಏತರಿಂದ ಮಾಡಿರಬೇಕು? ತೊಗಲು ಗಟ್ಟಿ, ಆದರೆ ಮಳೆಯಲ್ಲಿ ನೆನೆದರೆ ಹಿಗ್ಗುತ್ತದೆ. ಎಣ್ಣೆ ಕಾಣದಿದ್ದರೆ ಬಿರುಕು ಬಿಡುತ್ತದೆ. ಹತ್ತಿಯ ನೇಯ್ಗೆಪಟ್ಟಿ ಮೃದು; ಒದ್ದೆಯಾದರೆ ಬೇಗ ಒಣಗದು. ನೈಲಾನ್ ಹೆಚ್ಚು ನೀರು ಹೀರುವುದಿಲ್ಲ. ಆದರೆ ನುಣುಪಾಗಿರುವುದರಿಂದ ಜಾರುತ್ತದೆ. ಎಷ್ಟು ಜಾರುತ್ತದೆ ಎಂಬುದಕ್ಕೂ ಲೆಕ್ಕವಿದೆ. ಹೆಗಲು 20 ಡಿಗ್ರಿ ಇಳಿಜಾರಾಗಿದ್ದರೆ ಪಟ್ಟಿ ಅಲ್ಲಿ ನಿಲ್ಲಲು ಘರ್ಷಣಾಂಕ ಸುಮಾರು 0.36 ಇರಬೇಕು. ಅದು 20 ಡಿಗ್ರಿಯ ಟ್ಯಾಂಜೆಂಟ್ ಬೆಲೆ. ಅಂಗಿಯ ಮೇಲೆ ನಿಂತ ಪಟ್ಟಿ ಮಳೆಕೋಟಿನ ಮೇಲೆ ನಿಲ್ಲದಿರುವುದು ಇದೇ ಕಾರಣಕ್ಕೆ. ಅದಕ್ಕೇ ಒಳ್ಳೆಯ ಪಟ್ಟಿಯ ಒಳಮೈಗೆ ಒರಟು ತೊಗಲನ್ನೋ ರಬ್ಬರನ್ನೋ ಹೊಲಿದಿರುತ್ತಾರೆ.

ನಿಯೋಪ್ರೀನ್ ಎಂಬ ಹಿಗ್ಗುವ ರಬ್ಬರಿನ ಪಟ್ಟಿಗಳೂ ಇವೆ. ಅಂಗಡಿಯಲ್ಲಿ ಹಾಕಿಕೊಂಡು ನಿಂತರೆ ಬಂದೂಕು ಹಗುರವಾದಂತೆಯೇ ತೋರುತ್ತದೆ. ನಡೆದು ನೋಡದೆ ನಂಬಬಾರದು. ಸ್ಪ್ರಿಂಗಿಗೆ ತೂಕ ಕಟ್ಟಿ ಬಿಟ್ಟರೆ ಅದು ತನ್ನದೇ ಲಯದಲ್ಲಿ ಮೇಲೆ ಕೆಳಗೆ ಕುಣಿಯುವುದನ್ನು ಪ್ರಯೋಗಶಾಲೆಯಲ್ಲಿ ನೋಡಿದ್ದೀರಿ. ಬಂದೂಕಿನ ಭಾರಕ್ಕೆ ಪಟ್ಟಿ 6 ಸೆಂಟಿಮೀಟರ್ ಹಿಗ್ಗಿದರೆ ಒಂದು ಕುಣಿತಕ್ಕೆ ಹಿಡಿಯುವ ಕಾಲ ಸುಮಾರು ಅರ್ಧ ಸೆಕೆಂಡು. ಚುರುಕಾಗಿ ನಡೆಯುವವನು ಹಾಕುವುದೂ ಅರ್ಧ ಸೆಕೆಂಡಿಗೊಂದು ಹೆಜ್ಜೆ! ಜೋಕಾಲಿಯನ್ನು ಸರಿಯಾದ ಹೊತ್ತಿಗೆ ನೂಕುತ್ತ ಹೋದಂತೆ ಪ್ರತಿ ಹೆಜ್ಜೆಯೂ ಬಂದೂಕನ್ನು ಮತ್ತಷ್ಟು ಕುಣಿಸುತ್ತದೆ. ಇದೇ ಅನುರಣನ. ರಬ್ಬರಿನೊಳಗಿನ ಘರ್ಷಣೆ ಅದನ್ನು ಸ್ವಲ್ಪ ತಡೆದರೂ ಗುಡ್ಡ ಹತ್ತುವವನಿಗೆ ಅದು ಕಾಟವೇ. ಹಿಗ್ಗುವುದು ಒಂದೇ ಸೆಂಟಿಮೀಟರ್ ಆದರೆ ಕುಣಿತದ ಕಾಲ ಸೆಕೆಂಡಿನ ಐದನೆಯ ಒಂದು ಭಾಗ. ಹೆಜ್ಜೆಗೂ ಅದಕ್ಕೂ ತಾಳವೇ ಕೂಡದು. ಕಾವಡಿ ಹೊರುವವನು ಬಿದಿರಿನ ತೂಗಾಟಕ್ಕೆ ಹೊಂದುವಂತೆ ತನ್ನ ನಡಿಗೆಯನ್ನು ಬದಲಿಸಿಕೊಳ್ಳುತ್ತಾನೆ. ಕಲ್ಲು ಮುಳ್ಳಿನ ಕಾಡಿನಲ್ಲಿ ಬೇಟೆಗಾರನಿಗೆ ಆ ಅನುಕೂಲವಿಲ್ಲ. ಆದ್ದರಿಂದ ಹೆಗಲಿನ ಭಾಗ ಮೆತ್ತಗಿರಲಿ, ಆದರೆ ಪಟ್ಟಿ ಹೆಚ್ಚು ಹಿಗ್ಗದಿರಲಿ.

ಮೂರನೆಯದು, ಪಟ್ಟಿಯನ್ನು ಎಲ್ಲಿ ಕಟ್ಟಬೇಕು ಎಂಬುದು. ಬಂದೂಕಿನ ಮರದ ಭಾಗಕ್ಕೆ ಮುಂದೊಂದು, ಹಿಂದೊಂದು ಮೊಳೆ ಇರುತ್ತದೆ. ತಿರುಗುವ ಬಳೆಗಳ ಮೂಲಕ ಪಟ್ಟಿ ಅವುಗಳಿಗೆ ಸೇರುತ್ತದೆ. ನಳಿಗೆ ಮೇಲಾಗಿ ತೂಗುವಾಗ ಗುರುತ್ವಕೇಂದ್ರ ಮುಂದಿನ ಬಳೆಗಿಂತ ಚೆನ್ನಾಗಿ ಕೆಳಗಿರಬೇಕು. ಬಳೆ ಗುರುತ್ವಕೇಂದ್ರದ ಹತ್ತಿರವೇ ಇದ್ದರೆ ಬಂದೂಕಿಗೆ ತಲೆಭಾರವಾಗಿ ನಳಿಗೆ ಹೊರಕ್ಕೆ ವಾಲುತ್ತದೆ. ಬಳೆಯನ್ನು ಮುಂದಕ್ಕೆ ಸರಿಸಿದಷ್ಟೂ ನಳಿಗೆಯ ತುದಿ ತಲೆಗಿಂತ ಕೆಳಗಿಳಿದು ಕೊಂಬೆಗಳಿಗೆ ಸಿಕ್ಕಿಕೊಳ್ಳುವುದು ತಪ್ಪುತ್ತದೆ. ಆಫ್ರಿಕಾದ ಕಾಡೆಮ್ಮೆ ಬೇಟೆಗೆಂದು ಮಾಡಿದ ಭಾರಿ ರೈಫಲ್‌ಗಳಲ್ಲಿ ಮುಂದಿನ ಬಳೆಯನ್ನು ನಳಿಗೆಗೇ ಕೂರಿಸಿರುತ್ತಾರೆ. ಅದಕ್ಕೆ ಇನ್ನೊಂದು ಕಾರಣವೂ ಇದೆ: ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ, ಮರದಲ್ಲಿ ಮೊಳೆಯಿದ್ದರೆ ಅದು ಮುಂಗೈಯನ್ನು ಗಾಯಗೊಳಿಸುತ್ತದೆ.

ಮೊಳೆ ಕೂರಿಸುವುದು ಬಂದೂಕು ರಿಪೇರಿ ಬಲ್ಲವರ ಕೆಲಸ. ಹಿಂದಿನ ಮೊಳೆಗೆ ಮರದ ತಿರುಪು ಸಾಕು. ತಿರುಪಿಗಿಂತ ಸಣ್ಣ ರಂಧ್ರವನ್ನು ಮೊದಲೇ ಕೊರೆಯದಿದ್ದರೆ ಮರ ಸೀಳುತ್ತದೆ. ಮುಂದಿನದು ಸಾಮಾನ್ಯವಾಗಿ ಒಳಗಿನಿಂದ ನಟ್ ಹಾಕಿ ಬಿಗಿಯುವ ತಿರುಪು. ಅದರ ತುದಿ ನಳಿಗೆಗೆ ತಾಗಬಾರದು. ಗುಂಡು ಹಾರಿಸಿದಂತೆ ನಳಿಗೆ ಕಾದು ಹಿಗ್ಗುತ್ತದೆ. ಒಂದು ಕಡೆ ಮಾತ್ರ ಅಡ್ಡಿಯಿದ್ದರೆ ಗುರಿ ತಪ್ಪುತ್ತದೆ. ಪಟ್ಟಿಯನ್ನು ತೋಳಿಗೆ ಸುತ್ತಿ ಬಿಗಿಯಾಗಿ ಎಳೆದು ಗುರಿಯಿಡುವಾಗಲೂ ತೆಳು ಮರ ಬಾಗಿ ನಳಿಗೆಯನ್ನು ಒತ್ತಬಹುದು.

ತೋಳಿಗೆ ಸುತ್ತುವುದೇಕೆ ಎಂದು ಕೇಳಬಹುದು. ಸ್ನಾಯು ದಣಿಯುತ್ತದೆ, ನಡುಗುತ್ತದೆ. ಮೂಳೆಗೆ ಆ ತೊಂದರೆಯಿಲ್ಲ. ಪಟ್ಟಿ, ಮುಂಗೈ, ಮೇಲ್ತೋಳು ಸೇರಿ ತ್ರಿಕೋನವಾದರೆ ಭಾರವನ್ನು ಮೂಳೆಗಳು ಹೊರುತ್ತವೆ. ಅಂತರರಾಷ್ಟ್ರೀಯ ರೈಫಲ್ ಸ್ಪರ್ಧೆಗಳಲ್ಲಿ ಮಲಗಿ ಅಥವಾ ಮಂಡಿಯೂರಿ ಹೊಡೆಯುವಾಗ ಇಂಥ ಪಟ್ಟಿಗೆ ಅವಕಾಶವಿದೆ, ನಿಂತು ಹೊಡೆಯುವಾಗ ಇಲ್ಲ.

ಪಟ್ಟಿಯ ಉದ್ದವನ್ನು ಗೊತ್ತುಮಾಡುವ ಮೊದಲು ಮಾಡಬೇಕಾದ ಕೆಲಸ ಒಂದೇ. ಬೋಲ್ಟ್ ತೆರೆದು, ತೋಟಾ ಇಲ್ಲವೆಂಬುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳುವುದು. ಆಮೇಲೆ ಕಾಡಿಗೆ ಹೋಗುವಾಗ ಹಾಕುವ ದಪ್ಪ ಬಟ್ಟೆಯನ್ನೇ ಹಾಕಿಕೊಂಡು ಅಳತೆ ನೋಡಬೇಕು. ಪಟ್ಟಿಗೂ ಎದೆಗೂ ನಡುವೆ ಅಂಗೈ ಸಲೀಸಾಗಿ ತೂರಬೇಕು. ಹಿಂಬದಿಯ ಮರ ನಡೆಯುವಾಗ ತೊಡೆಗೆ ಬಡಿಯಬಾರದು. ಬಳೆ ಕಿಣಿಕಿಣಿ ಎನ್ನಬಾರದು. ಜಿಂಕೆಯ ಕಿವಿ ನಮ್ಮ ಕಿವಿಯಂತಲ್ಲ. ಕೊನೆಗೆ ಎರಡು ಮೊಳೆಗಳನ್ನೂ ಬಲವಾಗಿ ಎಳೆದು ನೋಡಬೇಕು. ಹಳ್ಳ ದಾಟಲು ಜಿಗಿದಾಗ ಅವುಗಳ ಮೇಲೆ ಬೀಳುವ ಬಲ ಬಂದೂಕಿನ ತೂಕಕ್ಕಿಂತ ಬಹಳ ಹೆಚ್ಚು.

ಈ ಕೊನೆಯ ಪರೀಕ್ಷೆಯನ್ನು ಬಿಡುವಂತೆಯೇ ಇಲ್ಲ. ಹೊಲಿಗೆ ಬಿಟ್ಟು, ಒಂದು ಮೀಟರ್ ಎತ್ತರದಿಂದ ಬಿದ್ದ ಬಂದೂಕು ನೆಲ ಮುಟ್ಟುವಾಗ ಸೆಕೆಂಡಿಗೆ ಸುಮಾರು 4.4 ಮೀಟರ್ ವೇಗದಲ್ಲಿರುತ್ತದೆ. ಒಳಗೆ ತೋಟಾ ಇದ್ದು, ಸವೆದ ಹಳೆಯ ಯಂತ್ರವಾಗಿದ್ದರೆ, ಆ ಹೊಡೆತಕ್ಕೇ ಗುಂಡು ಹಾರಬಹುದು. ಬೇಲಿ, ಕಂದಕ ದಾಟುವ ಮೊದಲು ತೋಟಾ ತೆಗೆಯಬೇಕೆಂದು ಬೇಟೆಗಾರರಿಗೆ ಪಾಠ ಹೇಳುವುದು ಇದಕ್ಕೇ. ಪಟ್ಟಿ ಎಷ್ಟೇ ಒಳ್ಳೆಯದಿರಲಿ, ಅದನ್ನು ನಂಬಿ ತೋಟಾ ತುಂಬಿದ ಬಂದೂಕನ್ನು ತೂಗುಹಾಕಿಕೊಳ್ಳುವಂತಿಲ್ಲ.

ಈ ಪಾಠವನ್ನು ಪರೀಕ್ಷಿಸಲು ನಿಮಗೆ ಬಂದೂಕು ಬೇಕಾಗಿಲ್ಲ. ಒಂದು ಚೀಲದಲ್ಲಿ 4 ಕಿಲೋ ಅಕ್ಕಿ ತುಂಬಿ. ಮೊದಲು ತೆಳು ಹಗ್ಗದಿಂದ, ಆಮೇಲೆ ಅಗಲವಾಗಿ ಮಡಿಸಿದ ಟವೆಲಿನಿಂದ, ಕೊನೆಗೆ ಹಳೆಯ ಸೈಕಲ್ ಟ್ಯೂಬಿನಿಂದ ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ಹತ್ತು ಸುತ್ತು ನಡೆಯಿರಿ. ಒತ್ತಡ, ಘರ್ಷಣೆ, ಅನುರಣನ ಮೂರೂ ಹೆಗಲಿಗೇ ತಿಳಿಯುತ್ತವೆ. ಹಿಮದ ಮೇಲೆ ಸ್ಕೀಯಲ್ಲಿ ಸಾಗುತ್ತ ಗುರಿ ಹೊಡೆಯುವ ಬಯಾಥ್ಲಾನ್ ಸ್ಪರ್ಧಿಗಳು ಕನಿಷ್ಠ ಮೂರೂವರೆ ಕಿಲೋ ತೂಕದ ರೈಫಲನ್ನು ಎರಡು ಪಟ್ಟಿ ಹಾಕಿ ಬೆನ್ನಿಗೆ ಕಟ್ಟಿಕೊಳ್ಳುವುದೇಕೆ ಎಂಬುದನ್ನೂ ಆಗ ಯೋಚಿಸಿ. ಒಂದೇ ಹೆಗಲಿಗೆ ಹೊರೆ ಬಿದ್ದರೆ ಬೆನ್ನು ಇನ್ನೊಂದು ಕಡೆಗೆ ವಾಲಿಯೇ ಅದನ್ನು ಸರಿದೂಗಿಸಬೇಕು.

ಪಾಲಕರೂ ಇವತ್ತು ಸಂಜೆ ಮಗುವಿನ ಶಾಲಾ ಚೀಲವನ್ನು ತೂಗಿ ನೋಡಲಿ. 2020ರ ಶಾಲಾ ಚೀಲ ನೀತಿಯ ಪ್ರಕಾರ ಅದು ಮಗುವಿನ ತೂಕದ ಹತ್ತನೆಯ ಒಂದು ಭಾಗವನ್ನು ಮೀರಬಾರದು. 30 ಕಿಲೋ ತೂಕದ ಹುಡುಗಿಗೆ 3 ಕಿಲೋ ಮಿತಿ. 4 ಕಿಲೋ ತೂಗಿದರೆ ಆಕೆ ಹೊತ್ತಿರುವುದು ಬೇಟೆಗಾರನ ಬಂದೂಕಿನಷ್ಟೇ ಭಾರ. ಎರಡು ಪಟ್ಟಿಗಳೂ ಅಗಲವಾಗಿವೆಯೇ, ಸಮ ಉದ್ದಕ್ಕಿವೆಯೇ, ಹೊಲಿಗೆ ಗಟ್ಟಿಯಾಗಿದೆಯೇ ನೋಡಿ. ಬೇಟೆಗಾರ ಋತು ಮುಗಿದ ಮೇಲೆ ಹೊರೆ ಇಳಿಸುತ್ತಾನೆ. ನಮ್ಮ ಮಕ್ಕಳು ಅದನ್ನು ಹತ್ತು ವರ್ಷ ಹೊರುತ್ತಾರೆ.