ಒಪ್ಪಿಕೊಂಡವನೆಲ್ಲ ಅಪರಾಧಿಯೆ?

ಪತ್ತೇದಾರಿ ಕಾದಂಬರಿಯೆಂದರೆ ಮೂಗು ಮುರಿಯುವವರು ನಮ್ಮಲ್ಲಿ ಬಹುಮಂದಿ. ಅದು ರೈಲಿನಲ್ಲಿ ಹೊತ್ತು ಕಳೆಯುವವರ ಸರಕು, ವಿದ್ಯಾರ್ಥಿಗಳು ಮುಟ್ಟಬಾರದ್ದು ಎಂಬುದು ಅವರ ಮತ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಓದಿದ ಹಿರಿಯರೂ ಹೀಗೆ ಹೇಳುವುದು ವಿನೋದದ ಸಂಗತಿ. ಅವರ ಮಾತಿನಲ್ಲಿ ಸತ್ಯಾಂಶ ಇಲ್ಲವೆಂದಲ್ಲ. ಆದರೆ ಅಂತಹ ಕಾದಂಬರಿಯೊಂದು ನನಗೆ ನಾಚಿಕೆಯನ್ನು ಕಲಿಸಿತು; ಆದುದರಿಂದ ಈ ನಾಲ್ಕು ಮಾತು.

1936ರಲ್ಲಿ ಪ್ರಕಟವಾದ, ಅಗಾಥಾ ಕ್ರಿಸ್ಟಿಯ ‘ದಿ ಎ.ಬಿ.ಸಿ. ಮರ್ಡರ್ಸ್’ ಆ ಕಾದಂಬರಿ. ಆಂಡೋವರಿನಲ್ಲಿ ಆಲಿಸ್ ಆಷರ್ ಎಂಬ ತಂಬಾಕಿನಂಗಡಿಯ ಮುದುಕಿ, ಬೆಕ್ಸ್‌ಹಿಲ್ಲಿನಲ್ಲಿ ಬೆಟ್ಟಿ ಬರ್ನಾರ್ಡ್ ಎಂಬ ತರುಣಿ, ಚರ್ಸ್‌ಟನ್ನಿನಲ್ಲಿ ಶ್ರೀಮಂತ ಕಾರ್ಮೈಕೇಲ್ ಕ್ಲಾರ್ಕ್—ಅಕ್ಷರಮಾಲೆಯ ಕ್ರಮದಲ್ಲಿ ಕೊಲೆಗಳು ನಡೆಯುತ್ತವೆ. ಪ್ರತಿ ಹೆಣದ ಬಳಿಯೂ ಒಂದು ರೈಲ್ವೆ ವೇಳಾಪಟ್ಟಿ. ಪ್ರತಿ ಕೊಲೆಗೂ ಮುನ್ನ ಪತ್ತೇದಾರ ಹರ್ಕ್ಯೂಲ್ ಪ್ವಾರೋನಿಗೆ ಒಂದು ಪಂಥದ ಕಾಗದ.

ಈ ಪ್ವಾರೋ ವಿಚಿತ್ರ ವ್ಯಕ್ತಿ. ಮೊಟ್ಟೆಯಂತಹ ತಲೆ, ತೀಡಿದ ಮೀಸೆ, ಮಿರುಗುವ ಬೂಟು. ಬೆಲ್ಜಿಯಂ ಪೋಲೀಸಿನಿಂದ ನಿವೃತ್ತನಾಗಿ, ಮೊದಲ ಮಹಾಯುದ್ಧದಲ್ಲಿ ನಿರಾಶ್ರಿತನಾಗಿ ಇಂಗ್ಲೆಂಡಿಗೆ ಬಂದವನು. ನೆಲದ ಮೇಲೆ ತೆವಳಿ ಹೆಜ್ಜೆಗುರುತು ಹುಡುಕುವವನಲ್ಲ. ಸತ್ತವರ ಬಂಧುಗಳನ್ನು ಕೂಡಿಸಿ ಮಾತನಾಡಿಸುತ್ತಾನೆ, ಕುಳಿತು ಯೋಚಿಸುತ್ತಾನೆ.

ಕೊನೆಗೆ ಕಾಲುಚೀಲ ಮಾರುವ ಕಸ್ಟ್ ಎಂಬ ಬಡಪಾಯಿ ಸಿಕ್ಕಿಬೀಳುತ್ತಾನೆ. ಮೂರ್ಛೆರೋಗಿ, ಒಂಟಿ, ಯುದ್ಧದಿಂದ ಜರ್ಜರಿತನಾದವನು. ಕೊಲೆ ಮಾಡಿದ ನೆನಪಿಲ್ಲ. ಆದರೂ ತಾನೇ ಮಾಡಿರಬೇಕೆಂದು ನಂಬುತ್ತಾನೆ. ಪೋಲೀಸರಿಗೆ ಇನ್ನೇನು ಬೇಕು? ಎಲ್ಲರೂ ನಿಟ್ಟುಸಿರುಬಿಟ್ಟ ಆ ಗಳಿಗೆಯಲ್ಲಿಯೇ ಪ್ವಾರೋ ಕೇಳುತ್ತಾನೆ: ಕಾಗದಗಳು ಸ್ಕಾಟ್‌ಲೆಂಡ್ ಯಾರ್ಡಿಗೆ ಹೋಗದೆ ನನಗೇಕೆ ಬಂದವು? ಮೂರನೆಯ ಕಾಗದ ವಿಳಾಸ ತಪ್ಪಿ ತಡವಾಗಿ ತಲಪಿತ್ತು. ಯಾರ್ಡಿಗೆ ಬರೆದಿದ್ದರೆ ತಪ್ಪು ವಿಳಾಸವಿದ್ದರೂ ನೆಟ್ಟಗೆ ತಲಪುತ್ತಿತ್ತು. ಅಂದರೆ ಮೂರನೆಯ ಕೊಲೆಯೊಂದೇ ನಿಜವಾದ ಗುರಿ. ಮಿಕ್ಕವು ಅದನ್ನು ಮುಚ್ಚುವ ಪರದೆ. ಅಣ್ಣನ ಆಸ್ತಿಗಾಗಿ ತಮ್ಮನೇ ಕೊಲೆಗಾರನಾಗಿ, ಕಸ್ಟನನ್ನು ಬಲಿಪಶು ಮಾಡಿದ್ದನು. (ಓದದಿರುವ ಮಿತ್ರರು ಗುಟ್ಟು ಬಿಚ್ಚಿದ್ದಕ್ಕೆ ಕ್ಷಮಿಸಬೇಕು.)

ಪ್ವಾರೋನ ವೈಶಿಷ್ಟ್ಯ ಅವನ ಮೀಸೆಯಲ್ಲಿಲ್ಲ. ಎಲ್ಲರೂ ತೃಪ್ತರಾದಾಗ ತಾನು ತೃಪ್ತನಾಗದಿರುವುದರಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಹಿಂದಿನ ವರ್ಷ ನಮ್ಮ ಹಾಸ್ಟೆಲಿನಲ್ಲಿ ಗೆಳೆಯನೊಬ್ಬನ ಹಣ ಕಾಣೆಯಾಯಿತು. ಅಡಿಗೆಮನೆಯಲ್ಲಿ ತಟ್ಟೆ ತೊಳೆಯಲು ಹೊಸದಾಗಿ ಸೇರಿದ್ದವನ ಮೇಲೆ ಎಲ್ಲರ ಕಣ್ಣೂ ಬಿದ್ದಿತು. ಕಾರಣ? ಅವನು ಬಡವ, ನಮಗೆ ಹೊಸಬ, ಅಷ್ಟೆ. ಸುತ್ತುವರಿದು ಗದರಿಸಿದೆವು. ಅವನು ಕೈ ಮುಗಿದು, “ತಪ್ಪಾಯಿತು, ಬಿಟ್ಟುಬಿಡಿ ಸ್ವಾಮಿ” ಎಂದನು. ಒಪ್ಪಿಕೊಂಡನೆಂದು ನಾವು ಹಿಗ್ಗಿದೆವು. ಮಾರನೆಯ ದಿನ ಅವನು ಕೆಲಸ ಬಿಟ್ಟು ಹೋದನು. ಮೂರನೆಯ ದಿನ ಹಣ ಗೆಳೆಯನ ಪೆಟ್ಟಿಗೆಯಲ್ಲಿ, ಮಡಿಸಿದ ಅಂಗಿಯೊಳಗೆ ಸಿಕ್ಕಿತು. ಗದರಿಸಿದವರಲ್ಲಿ ನಾನೂ ಒಬ್ಬ. ಅವನ ಊರು ಯಾವುದೆಂದು ಯಾರೂ ಕೇಳಿಟ್ಟುಕೊಂಡಿರಲಿಲ್ಲ. ಕ್ಷಮೆ ಕೇಳಲೂ ದಾರಿಯಿಲ್ಲದಂತಾಯಿತು.

ಕಸ್ಟನ ಕಥೆ ಓದುವಾಗ ಆ ಮುಗಿದ ಕೈಗಳು ಕಣ್ಣ ಮುಂದೆ ನಿಂತವು. ಹೆದರಿದವನ ಬಾಯಿಂದ ಹೊರಟ ಮಾತು ಸಾಕ್ಷ್ಯವಲ್ಲ. ಪೋಲೀಸು ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಾಗಿ ಬಳಸಬಾರದೆಂದು 1872ರ ಸಾಕ್ಷ್ಯ ಕಾಯಿದೆಯೇ ವಿಧಿಸಿತ್ತು. ಕಾನೂನು ತೋರಿದ ಆ ವಿವೇಕ ವಿದ್ಯಾವಂತರಾದ ನಮ್ಮಲ್ಲಿರಲಿಲ್ಲ.

ಇನ್ನೊಂದು ಮಾತು. ಕೊಲೆಗಾರನಿಗೆ ಆಲಿಸ್ ಆಷರ್ ಬರಿಯ ‘ಎ’ ಅಕ್ಷರ. ಮುಂದಿನ ಅಕ್ಷರ ಯಾವಾಗ ಬಂದೀತೆಂದು ಕಾತರದಿಂದ ಪುಟ ತಿರುವಿದ ನನಗೂ ಅಷ್ಟೆ ಆಗಿತ್ತಲ್ಲವೆ? ಇಂತಹ ಪುಸ್ತಕಗಳ ನಿಜವಾದ ಅಪಾಯ ಇದು. ಹಿರಿಯರ ಆಕ್ಷೇಪಣೆಯನ್ನು ಇಷ್ಟರಮಟ್ಟಿಗೆ ಒಪ್ಪುತ್ತೇನೆ. ಆದರೆ ಅದೇ ಪುಸ್ತಕ ಮದ್ದನ್ನೂ ಕೊಡುತ್ತದೆ: ತೀರ್ಪು ಕೊಡುವ ಮುನ್ನ ಇನ್ನೊಂದು ಪ್ರಶ್ನೆ ಕೇಳು.

ಆದುದರಿಂದ, ಮಿತ್ರರೆ, ಪತ್ತೇದಾರಿ ಕಾದಂಬರಿಗಳನ್ನು ಧಾರಾಳವಾಗಿ ಓದೋಣ. ಓದಿ ಮುಚ್ಚಿಟ್ಟ ಮೇಲೆ, ನಮ್ಮ ಬೆರಳು ಯಾರ ಕಡೆ ಚಾಚಿದೆಯೆಂದು ಒಮ್ಮೆ ನೋಡಿಕೊಳ್ಳೋಣ.