ರಾಜನ ವೇಷ ಸಾಕು, ಕಾಲಾಳಿನ ಗಂಟು ಹೊರೋಣ

1/7
ಗಡಾಯಿಕಲ್ಲಿನ ಫೋಟೊ ಹಾಕಿದರೆ ಕಮೆಂಟಿನಲ್ಲಿ ಜಗಳ ಗ್ಯಾರಂಟಿ. ಒಬ್ಬರು ಜಮಲಾಬಾದ್ ಅನ್ನಿ ಅಂತಾರೆ, ಇನ್ನೊಬ್ಬರು ನರಸಿಂಹಗಡ ಅನ್ನಿ ಅಂತಾರೆ. ಟಿಪ್ಪು ಒಳ್ಳೆಯವನಾ ಕೆಟ್ಟವನಾ ಅಂತ ಸಾಲು ಸಾಲು ಕಮೆಂಟು. ಆದರೆ ಆ ಕಲ್ಲಿನ ತುದಿಗೆ ಅಕ್ಕಿ ಹೊತ್ತವನು ಯಾರು ಅಂತ ಕೇಳುವವರೇ ಇಲ್ಲ. ಈ ಸಲದ ಸರಣಿ ಅವನ ಪರವಾಗಿ. ಸ್ವೈಪ್ ಮಾಡ್ತಾ ಓದಿ.

2/7
ರೋಮನ್ ಸೈನಿಕರ ವೇಷ ಹಾಕಿ ಬೆಟ್ಟ ಹತ್ತುವವರ ರೀಲ್ಸ್ ನೀವೂ ನೋಡಿರಬಹುದು. ನಕ್ಕು ಮುಂದೆ ಹೋಗಬೇಡಿ ಮಾರಾಯ್ರೆ, ಅದರ ಹಿಂದೆ ಗಂಭೀರ ಕೆಲಸ ಉಂಟು. 1985ರಲ್ಲಿ ಮಾರ್ಕಸ್ ಯುಂಕೆಲ್‌ಮಾನ್ ಎಂಬ ಜರ್ಮನ್ ಇತಿಹಾಸಕಾರ ಕೆಲವು ಜೊತೆಗಾರರನ್ನು ಕಟ್ಟಿಕೊಂಡು ಇಟಲಿಯ ವೆರೋನಾದಿಂದ ಜರ್ಮನಿಯ ಔಗ್ಸ್‌ಬರ್ಗ್‌ವರೆಗೆ, ಆಲ್ಪ್ಸ್ ದಾಟಿ, ರೋಮನ್ ಕಾಲಾಳಿನ ಸಜ್ಜಿನಲ್ಲೇ ನಡೆದ. ಪುಸ್ತಕದಲ್ಲಿ ಓದಿದ್ದನ್ನು ಹೆಗಲು ಮತ್ತು ಹಿಮ್ಮಡಿಯಿಂದ ಪರೀಕ್ಷಿಸುವ ವಿಧಾನ ಇದು.

ವೆಜೀಷಿಯಸ್ ಎಂಬ ರೋಮನ್ ಲೇಖಕನ ಪ್ರಕಾರ ಹೊಸ ಸೈನಿಕ ಬೇಸಿಗೆಯ 5 ಗಂಟೆಗಳಲ್ಲಿ 20 ರೋಮನ್ ಮೈಲಿ ನಡೆಯಬೇಕು, 60 ರೋಮನ್ ಪೌಂಡ್ ಹೊತ್ತು ನಡೆಯುವುದನ್ನೂ ಅಭ್ಯಾಸ ಮಾಡಬೇಕು. ನಮ್ಮ ಲೆಕ್ಕಕ್ಕೆ ಸುಮಾರು 30 ಕಿ.ಮೀ. ದಾರಿ, ಹತ್ತಿರ ಹತ್ತಿರ 20 ಕೆಜಿ ಭಾರ. ಮೂಡುಬಿದಿರೆಯಿಂದ ಹೊರಟರೆ ಮಂಗಳೂರು ಕಾಣುವ ಹೊತ್ತು ಬಂತು ಅಂತ ಇಟ್ಟುಕೊಳ್ಳಿ.

3/7
ಸಜ್ಜು ಎಂದರೆ ಚಂದಕ್ಕೆ ಮಾತ್ರ ಅಲ್ಲ, ಜೀವಕ್ಕೂ ಸಂಬಂಧಪಟ್ಟದ್ದು. ರೋಮನ್ ಸೈನಿಕರ ಚಪ್ಪಲಿಯ ಅಡಿಗೆ ಕಬ್ಬಿಣದ ಮೊಳೆ ಇರುತ್ತಿತ್ತು. ಮಣ್ಣಿನ ದಾರಿಯಲ್ಲಿ ಒಳ್ಳೆ ಹಿಡಿತ. ಆದರೆ ಕ್ರಿ.ಶ. 70ರ ಜೆರುಸಲೇಮ್ ಯುದ್ಧದಲ್ಲಿ ಜೂಲಿಯಾನಸ್ ಎಂಬ ವೀರ ಶತ್ರುಗಳನ್ನು ಒಬ್ಬನೇ ಅಟ್ಟಿಸಿಕೊಂಡು ಹೋಗಿ, ದೇವಾಲಯದ ಕಲ್ಲುಹಾಸಿನ ಮೇಲೆ ಅದೇ ಮೊಳೆ ಜಾರಿ ಬಿದ್ದು ಪ್ರಾಣ ಕಳೆದುಕೊಂಡ. ಬರೆದವನು ಆ ಕಾಲದ ಇತಿಹಾಸಕಾರ ಜೋಸೆಫಸ್. ನಮ್ಮ ಕಲ್ಲುಗುಡ್ಡಗಳನ್ನು ಹತ್ತಿದವರಿಗೆ ಈ ಸಾವು ಬೇಗ ಅರ್ಥ ಆಗ್ತದೆ.

4/7
ಈಗ ಬೆಳ್ತಂಗಡಿಗೆ ಬನ್ನಿ. ಸುಮಾರು 1,700 ಅಡಿ ಎತ್ತರದ ಕಲ್ಲು, 1,800 ದಾಟುವ ಮೆಟ್ಟಿಲು. ಹಳೆಯ ನರಸಿಂಹಗಡದ ಜಾಗದಲ್ಲೇ ಟಿಪ್ಪು 1794ರಲ್ಲಿ ಕೋಟೆ ಕಟ್ಟಿಸಿ ಜಮಲಾಬಾದ್ ಎಂದು ಹೆಸರಿಟ್ಟ. 1799ರಲ್ಲಿ ಬ್ರಿಟಿಷರ ಕೈಗೆ ಹೋಯಿತು. ಆಮೇಲೆ ತಿಮ್ಮ ನಾಯಕ ಅದನ್ನು ಕಿತ್ತುಕೊಂಡ, 1800ರಲ್ಲಿ ಬ್ರಿಟಿಷರು ಮತ್ತೆ ಹಿಡಿದರು.

ಧ್ವಜ ಎಷ್ಟು ಸಲ ಬದಲಾದರೂ ಮೆಟ್ಟಿಲು ಬದಲಾಗಲಿಲ್ಲ. ಮೇಲಿನ ಕೆರೆಯಲ್ಲಿ ಮಳೆನೀರು ನಿಲ್ಲುತ್ತಿತ್ತು ಸರಿ. ಅಕ್ಕಿ, ಉಪ್ಪು, ಮದ್ದು, ಗುಂಡು, ಫಿರಂಗಿ ಎಲ್ಲ ಯಾರದೋ ಬೆನ್ನ ಮೇಲೆಯೇ ಹೋಗಬೇಕು. ಒಂದು ಬಾಟಲಿ ನೀರು ಹಿಡಿದು ಹತ್ತುವ ನಮಗೇ ಅರ್ಧದಲ್ಲಿ ಏದುಸಿರು!

5/7
"ವೇಷ ಹಾಕಿದರೆ ಇತಿಹಾಸ ತಮಾಷೆ ಆಗ್ತದೆ" ಅಂತ ಕೆಲವರ ಆಕ್ಷೇಪ. ಬಾಡಿಗೆಯ ಕಿರೀಟ, ಪ್ಲಾಸ್ಟಿಕ್ ಕತ್ತಿ, ಎರಡು ನಿಮಿಷದ ಡ್ರೋನ್ ಶಾಟ್ ಆದರೆ ಅವರ ಮಾತು ನೂರಕ್ಕೆ ನೂರು ನಿಜ. ಆದರೆ ನಮ್ಮದು ಯಕ್ಷಗಾನದ ಊರು ಅಲ್ವಾ? ಬಣ್ಣದ ವೇಷ ಕಟ್ಟಿ ರಾತ್ರಿಯಿಡೀ ಕುಣಿದವರನ್ನು ಕೇಳಿ, ಕಿರೀಟದ ಭಾರ ಕುತ್ತಿಗೆಗೆ ಏನು ಮಾಡ್ತದೆ ಅಂತ ಹೇಳ್ತಾರೆ. ವೇಷ ಅಂದರೆ ಹೊರುವುದು ಅಂತ ಕಲಿಸಿದ್ದೇ ಈ ಮಣ್ಣು. ಹೊರದೆ ತೊಟ್ಟದ್ದು ಬರೀ ಬಟ್ಟೆ.

6/7
ಇನ್ನೊಂದು ಪ್ರಶ್ನೆ: ಯಾರ ವೇಷ? ರೋಮನ್ನರದು ಅವರ ಊರಿಗೆ ಸರಿ. ಇಲ್ಲಿಯವರು ಹಾಕಿದರೆ ಫ್ಯಾನ್ಸಿ ಡ್ರೆಸ್ ಆಗಿಬಿಡ್ತದೆ, ಯಾಕೆಂದರೆ ಆ ಸಜ್ಜು ನಮ್ಮ ಮಳೆಗೂ ಸೆಕೆಗೂ ಹುಟ್ಟಿದ್ದಲ್ಲ. ನಮ್ಮಲ್ಲಿ 1837ರ ದಂಡು ಉಂಟು. ಅಮರ ಸುಳ್ಯದಿಂದ ಹೊರಟ ರೈತರು ಪುತ್ತೂರು, ಬಂಟ್ವಾಳ ದಾಟಿ ಏಪ್ರಿಲ್ 5ರಂದು ಮಂಗಳೂರು ಹಿಡಿದರು. ಸುಮಾರು ಎರಡು ವಾರ ಬ್ರಿಟಿಷರ ಆಡಳಿತವೇ ಅಲ್ಲಿರಲಿಲ್ಲ. ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತಿದೆ, ಒಳ್ಳೆಯದೇ. ಆದರೆ ಏಪ್ರಿಲ್ ಬಿಸಿಲಿನಲ್ಲಿ ಅವರ ಹಿಂದೆ ನಡೆದವರ ಕಾಲಿನ ಬೊಬ್ಬೆಗೆ ಪ್ರತಿಮೆ ಇಲ್ಲ. ಅದನ್ನು ನಡೆದೇ ತಿಳಿಯಬೇಕು.

7/7
ಹಾಗಾಗಿ ನನ್ನ ಸಲಹೆ ಸಣ್ಣದು. ಶುರು ಪುತ್ತಿಗೆಯಿಂದಲೇ ಆಗಲಿ. ಚೌಟ ಅರಸರ ರಾಜಧಾನಿ ಆಗಿದ್ದ ಊರು, ಉಳ್ಳಾಲದ ಅಬ್ಬಕ್ಕನ ವಂಶದ ಊರು. ಸೋಮನಾಥೇಶ್ವರನಿಗೆ ಕೈಮುಗಿದು ಮೂಡುಬಿದಿರೆಯ ಚೌಟರ ಅರಮನೆವರೆಗೆ ನಡೆಯೋಣ. ಕಿರೀಟ ಬೇಡ, ಕತ್ತಿ ಬೇಡ. ಹೆಗಲಿಗೆ ಕಂಬಳಿ, ಬೆನ್ನಿಗೆ 5 ಕೆಜಿ ಕುಚ್ಚಲಕ್ಕಿಯ ಗಂಟು, ಸೊಂಟಕ್ಕೆ ನೀರು, ಅಷ್ಟೇ ಸಾಕು. ಕಾಲೇಜಿನ ಮಕ್ಕಳು ಎಲ್ಲಿ ಸುಸ್ತಾಯಿತು, ಎಷ್ಟು ನೀರು ಬೇಕಾಯಿತು, ಗಂಟು ಎಲ್ಲಿ ಕಚ್ಚಿತು ಎಂದು ಬರೆದಿಡಲಿ. ಕೊನೆಗೆ ಹೊತ್ತು ತಂದ ಅಕ್ಕಿಯದ್ದೇ ಗಂಜಿ, ಚಟ್ನಿ.

ಗಡಾಯಿಕಲ್ಲು ಆಮೇಲೆ. ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಮಳೆಗಾಲದಲ್ಲಿ ಆ ಯೋಚನೆಯೇ ಬೇಡ. ಈಟಿ, ಲೋಹದ ಕವಚ, ಮೊಳೆ ಚಪ್ಪಲಿ ಹಾಕಿ ಆ ಕಡಿದಾದ ಮೆಟ್ಟಿಲು ಹತ್ತುವುದು ಶೌರ್ಯ ಅಲ್ಲ, ಹಿಂದೆ ಬರುವವನಿಗೆ ಅಪಾಯ.

ಟಿಪ್ಪು ಬಗ್ಗೆ ಜಗಳ ಅದರಿಂದ ನಿಲ್ಲುವುದಿಲ್ಲ, ನಿಲ್ಲಬೇಕೆಂದೂ ಇಲ್ಲ. ಆದರೆ ಒಮ್ಮೆ ಗಂಟು ಹೊತ್ತು ಹತ್ತಿದವರು ಕೋಟೆ ಕಟ್ಟಿದವನ ಹೆಸರಿನ ಜೊತೆಗೆ ಕಲ್ಲು ಹೊತ್ತವನ ಬಗ್ಗೆಯೂ ಕೇಳ್ತಾರೆ. ಅಷ್ಟಾದರೆ ಸಾಕು.

ನೀವು ಬರ್ತೀರಾ? ನಿಮ್ಮ ಅಜ್ಜ, ಅಜ್ಜಿ ತಲೆಹೊರೆಯಲ್ಲಿ ಎಲ್ಲಿಂದ ಎಲ್ಲಿಗೆ ಏನು ಹೊತ್ತಿದ್ದರು? ಕಮೆಂಟಿನಲ್ಲಿ ಬರೆಯಿರಿ, ಅದೂ ಇತಿಹಾಸವೇ.

#ಪುತ್ತಿಗೆ #ಮೂಡುಬಿದಿರೆ #ಗಡಾಯಿಕಲ್ಲು #ತುಳುನಾಡು #ಕಾಲಾಳು